ಹೊಸ ಗ್ರೂವ್‌ಬಾಕ್ಸ್ ಆಪ್‌ಗೆ ಕಾಯುವುದಾ, ಇರುವುದರಲ್ಲೇ ಒಂದನ್ನು ಹಿಡಿಯುವುದಾ?

ಟ್ಯಾಬ್ಲೆಟ್‌ನಲ್ಲಿ ಬೀಟ್ ಕಟ್ಟುವವರಿಗೆ ಈ ಪರಿಸ್ಥಿತಿ ಚೆನ್ನಾಗಿ ಗೊತ್ತು. ಹೊಸ ಗ್ರೂವ್‌ಬಾಕ್ಸ್ ಆಪ್ ಒಂದು ಬರಲಿದೆ ಅಂತ ಸುದ್ದಿ. ಜೊತೆಗೆ ಎರಡು ನಿಮಿಷದ ಡೆಮೊ ವಿಡಿಯೊ. ಅದರಲ್ಲಿ ಯಾರೋ ಪ್ಯಾಡ್ ಮೇಲೆ ಬೆರಳು ಆಡಿಸುತ್ತಾರೆ, ಬಣ್ಣದ ಚೌಕಗಳು ಮಿನುಗುತ್ತವೆ, ಬಾಸ್ ಗುಡುಗುತ್ತದೆ. ನೋಡಿದ ತಕ್ಷಣ ಕೈಯಲ್ಲಿರುವ ಆಪ್ ಹಳೇದಾಗಿ ಕಾಣುತ್ತದೆ. ಇನ್ನೂ ಏನನ್ನೂ ಕೊಂಡಿಲ್ಲದವರ ಕಷ್ಟ ಬೇರೆ. ಈಗ ಒಂದನ್ನು ತೆಗೆದುಕೊಂಡು, ಮುಂದಿನ ತಿಂಗಳು ಅದಕ್ಕಿಂತ ಒಳ್ಳೆಯದು ಬಂದುಬಿಟ್ಟರೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇನ್ನೂ ಬಾರದ ಆಪ್‌ನ ಜೊತೆ ಹೋಲಿಸಿದರೆ ಇರುವ ಆಪ್ ಯಾವಾಗಲೂ ಸೋಲುತ್ತದೆ, ಯಾಕೆಂದರೆ ಬಾರದ ಆಪ್‌ನ ಕೊರತೆಗಳು ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ಆದ್ದರಿಂದ ಆಪ್‌ಗಳ ಪಟ್ಟಿ ಆಮೇಲೆ ನೋಡೋಣ. ಮೊದಲು ನಿಮ್ಮ ಟ್ಯೂನ್‌ಗಳು ಎಲ್ಲಿ ನಿಂತುಹೋಗುತ್ತವೆ ಅಂತ ನೋಡಿ. ಕೆಲವರಿಗೆ ಶುರುವೇ ಆಗುವುದಿಲ್ಲ, ಖಾಲಿ ಪರದೆ ನೋಡುತ್ತಾ ಕೂತುಬಿಡುತ್ತಾರೆ. ಕೆಲವರಿಗೆ ಬೀಟ್ ಸುಲಭ, ಆದರೆ ಶಬ್ದ ಎಲ್ಲರ ಹಾಗೇ ಕೇಳಿಸುತ್ತದೆ ಅನ್ನುವ ಬೇಜಾರು. ಬಹಳ ಜನರಿಗೆ ಎಂಟು ಸೆಕೆಂಡಿನ ಒಂದು ಸೊಗಸಾದ ಲೂಪ್ ಆಗುತ್ತದೆ, ಅದನ್ನೇ ಗಂಟೆಗಟ್ಟಲೆ ಕೇಳುತ್ತಾರೆ, ಮೂರು ನಿಮಿಷದ ಹಾಡು ಮಾತ್ರ ಆಗುವುದಿಲ್ಲ. ಇನ್ನು ಕೆಲವರು ಹಾಡು ಮುಗಿಸುತ್ತಾರೆ, ಆದರೆ ಅದನ್ನು ಟ್ಯಾಬ್ಲೆಟ್‌ನಿಂದ ಆಚೆ ತಂದು ಕಂಪ್ಯೂಟರಿನಲ್ಲಿ ಮಿಕ್ಸ್ ಮಾಡುವ ಹೊತ್ತಿಗೆ ಸಾಕಾಗಿಹೋಗುತ್ತದೆ. ಈ ನಾಲ್ಕು ತೊಂದರೆಗಳಿಗೂ ಒಂದೇ ಆಪ್ ಮದ್ದಾಗುವುದಿಲ್ಲ. ನಿಮ್ಮದು ಯಾವುದು ಅಂತ ಗೊತ್ತಾದರೆ ಅರ್ಧ ಆಯ್ಕೆ ಅಲ್ಲೇ ಮುಗಿಯಿತು.

ಪೂರ್ತಿ ಹೊಸಬರಿಗಾಗಿ ಎರಡು ಮಾತು. ಡ್ರಮ್, ಬಾಸ್, ಸಿಂಥ್ (ಶಬ್ದವನ್ನು ತಾನೇ ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ), ಇವನ್ನೆಲ್ಲ ನೀವು ಬರೆದಿಟ್ಟ ಕ್ರಮದಲ್ಲಿ ನುಡಿಸಲು ಒಂದು ಸೀಕ್ವೆನ್ಸರ್, ಇಷ್ಟೂ ಒಂದೇ ಪೆಟ್ಟಿಗೆಯಲ್ಲಿ ಇದ್ದರೆ ಅದು ಗ್ರೂವ್‌ಬಾಕ್ಸ್. ರೋಲ್ಯಾಂಡ್ ಕಂಪನಿ 1996ರಲ್ಲಿ ಎಂಸಿ-303 ತಂದಾಗ ಈ ಹೆಸರು ಚಾಲ್ತಿಗೆ ಬಂತು. 16 ಸ್ಟೆಪ್‌ಗಳ ಸಾಲಿನಲ್ಲಿ ಬೇಕಾದ ಕಡೆ ಒತ್ತಿ ಬೀಟ್ ಕಟ್ಟುವ ಪದ್ಧತಿ ಅದಕ್ಕಿಂತ ಹಳೆಯದು, 1980ರ ಟಿಆರ್-808 ಅನ್ನುವ ರೋಲ್ಯಾಂಡ್ ಡ್ರಮ್ ಯಂತ್ರದಲ್ಲೇ ಇತ್ತು. ಟ್ಯಾಬ್ಲೆಟ್‌ಗೂ ಇದು ಹೊಸದೇನಲ್ಲ. 2010ರಲ್ಲಿ ಮೊದಲ ಐಪ್ಯಾಡ್ ಬಂದಾಗಲೇ ಕಾರ್ಗ್‌ನ ಐಎಲೆಕ್ಟ್ರೈಬ್ ಆಪ್ ಅದರಲ್ಲಿ ಓಡುತ್ತಿತ್ತು. ಅಂದರೆ ಈ ಜಾತಿಯ ಆಪ್‌ಗಳು ಹತ್ತು ವರ್ಷಕ್ಕಿಂತ ಜಾಸ್ತಿ ಕಾಲ ಪಳಗಿವೆ. ಹೊಸದಾಗಿ ಬರುವುದು ಆ ಪಳಗಿದವುಗಳ ಮುಂದೆ ನಿಲ್ಲಬೇಕು.

ಯಾವುದರ ಮೇಲೆ ಅಳೆಯುವುದು

ಮೊದಲನೆಯದು ಬೆರಳಿಗೂ ಶಬ್ದಕ್ಕೂ ನಡುವಿನ ತಡ. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಒಂದು ಬೀಟ್ ಅರ್ಧ ಸೆಕೆಂಡ್, 16 ಸ್ಟೆಪ್‌ಗಳಲ್ಲಿ ಒಂದು ಸ್ಟೆಪ್ 125 ಮಿಲಿಸೆಕೆಂಡ್. ಆಪ್‌ನ ಬಫರ್, ಅಂದರೆ ಶಬ್ದವನ್ನು ಕಳಿಸುವ ಮೊದಲು ಕೂಡಿಟ್ಟುಕೊಳ್ಳುವ ತುಣುಕು, 256 ಸ್ಯಾಂಪಲ್ ಇದ್ದರೆ, 48 ಕಿಲೋಹರ್ಟ್ಸ್‌ನಲ್ಲಿ ಅದರಿಂದ ಆಗುವ ತಡ ಸುಮಾರು 5 ಮಿಲಿಸೆಕೆಂಡ್. 1024 ಇದ್ದರೆ 21. ಐದು ಯಾರಿಗೂ ಗೊತ್ತಾಗುವುದಿಲ್ಲ. ಇಪ್ಪತ್ತು ದಾಟಿದರೆ ಪ್ಯಾಡ್ ಬಡಿಯುವವರಿಗೆ ಏನೋ ಸರಿ ಇಲ್ಲ ಅನ್ನಿಸುತ್ತದೆ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡರಂತೂ ತಡ ಸಾಮಾನ್ಯವಾಗಿ ನೂರು ಮಿಲಿಸೆಕೆಂಡ್ ದಾಟುತ್ತದೆ. ಅಂದರೆ ಹತ್ತಿರ ಹತ್ತಿರ ಒಂದು ಪೂರ್ತಿ ಸ್ಟೆಪ್ ಹಿಂದೆ ಬೀಳುತ್ತೀರಿ, ಆಮೇಲೆ ಆಪ್ ಸರಿ ಇಲ್ಲ ಅಂತ ಬೈಯುತ್ತೀರಿ. ತಂತಿ ಇರುವ ಹೆಡ್‌ಫೋನ್ ಬಳಸಿ. ಈಗಿನ ಐಪ್ಯಾಡ್‌ಗಳಲ್ಲಿ ಹೆಡ್‌ಫೋನ್ ತೂತು ಇಲ್ಲ, ಯುಎಸ್‌ಬಿ-ಸಿ ಅಡಾಪ್ಟರ್ ಬೇಕಾಗುತ್ತದೆ, ಅದನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಒಂದು ಸಮಾಧಾನ ಇದೆ. ನೀವು ಸ್ಟೆಪ್‌ಗಳನ್ನು ಒಂದೊಂದಾಗಿ ಒತ್ತಿ ಬೀಟ್ ಕಟ್ಟುವವರಾದರೆ ಈ ತಡ ಅಷ್ಟೇನೂ ಬಾಧಿಸುವುದಿಲ್ಲ. ಬೆರಳಲ್ಲಿ ನುಡಿಸಿ ರೆಕಾರ್ಡ್ ಮಾಡುವವರಿಗೇ ಇದರ ಬಿಸಿ ತಟ್ಟುವುದು.

ಎರಡನೆಯದು ಹೊರಬರುವ ದಾರಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಪ್ರತಿ ಟ್ರ್ಯಾಕನ್ನೂ ಬೇರೆ ಬೇರೆ ವೇವ್ ಫೈಲ್ ಆಗಿ, ಅಂದರೆ ಸ್ಟೆಮ್ ಆಗಿ, ತೆಗೆಯಲು ಆಗುತ್ತದಾ? ಮಿಡಿ, ಅಂದರೆ ಯಾವ ಸ್ವರ ಯಾವಾಗ ಅನ್ನುವ ಮಾಹಿತಿ, ಹೊರಗೆ ಬರುತ್ತದಾ? ಏಬಲ್ಟನ್ ಲೈವ್‌ನಲ್ಲಿ (ಕಂಪ್ಯೂಟರಿನಲ್ಲಿ ಸಂಗೀತ ಮಾಡುವ ತಂತ್ರಾಂಶ) ತೆರೆಯುವಂಥ ಸೆಟ್ ಆಗಿ, ಅಂದರೆ ಅದರದೇ ಪ್ರಾಜೆಕ್ಟ್ ಆಗಿ, ಕೊಡುತ್ತದಾ? ಬರೀ ಒಂದು ಸ್ಟೀರಿಯೊ ಮಿಕ್ಸ್ ಕೊಡುವ ಆಪ್‌ನಲ್ಲಿ ನೀವು ಕಟ್ಟಿದ್ದೆಲ್ಲ ಆ ಆಪ್‌ನ ಆಯುಷ್ಯಕ್ಕೆ ಗಂಟು ಬಿದ್ದಿರುತ್ತದೆ. ಇದು ಸುಮ್ನೆ ಹೆದರಿಸಲು ಹೇಳುವ ಮಾತಲ್ಲ. 2017ರಲ್ಲಿ ಐಒಎಸ್ 11 ಬಂದಾಗ 32-ಬಿಟ್ ಆಪ್‌ಗಳು ಓಡುವುದೇ ನಿಂತಿತು. ಅಪ್‌ಡೇಟ್ ಆಗದ ಸಂಗೀತದ ಆಪ್‌ಗಳೂ, ಅವುಗಳೊಳಗಿದ್ದ ಪ್ರಾಜೆಕ್ಟ್‌ಗಳೂ ಹಾಗೇ ಒಳಗೆ ಉಳಿದವು. ಒಬ್ಬರೇ ಕೂತು ಮಾಡಿದ ಆಪ್ ಆಗಲಿ, ದೊಡ್ಡ ಕಂಪನಿಯದಾಗಲಿ, ಯಾವುದು ಯಾವಾಗ ನಿಲ್ಲುತ್ತದೆ ಅಂತ ಹೇಳಲು ಬರುವುದಿಲ್ಲ. ವೇವ್ ಫೈಲ್ ಮಾತ್ರ ಎಲ್ಲಿ ಬೇಕಾದರೂ ತೆರೆಯುತ್ತದೆ. ಅದಕ್ಕೆ ಜಾಗ ಬೇಕು ಅನ್ನುವುದೂ ನಿಜ. 48 ಕಿಲೋಹರ್ಟ್ಸ್, 24-ಬಿಟ್ ಸ್ಟೀರಿಯೊ ಅಂದರೆ ನಿಮಿಷಕ್ಕೆ ಸುಮಾರು 17 ಎಂಬಿ. ನಾಲ್ಕು ನಿಮಿಷದ ಹಾಡಿಗೆ ಎಂಟು ಸ್ಟೆಮ್ ತೆಗೆದರೆ 550 ಎಂಬಿ ಆಯಿತು. ಕಡಿಮೆ ಸಂಗ್ರಹ ಇರುವ ಟ್ಯಾಬ್ಲೆಟ್‌ನವರು ಇದನ್ನು ಮರೆಯಬಾರದು.

ಬೇರೆ ಆಪ್‌ಗಳ ಜೊತೆ ಹೊಂದಿಕೊಳ್ಳುವುದು ಇನ್ನೊಂದು. ಐಪ್ಯಾಡ್‌ನಲ್ಲಿ ಪ್ಲಗಿನ್, ಅಂದರೆ ಒಂದು ಆಪ್ ಒಳಗೆ ತೆರೆದುಕೊಳ್ಳುವ ಇನ್ನೊಂದು ವಾದ್ಯ ಅಥವಾ ಎಫೆಕ್ಟ್, ಬರುವುದು ಎಯುವಿ3 ಅನ್ನುವ ರೂಪದಲ್ಲಿ, ಅದು 2015ರಿಂದ ಇದೆ. ನಿಮ್ಮ ಗ್ರೂವ್‌ಬಾಕ್ಸ್ ಎಯುವಿ3 ಸಿಂಥ್‌ಗಳನ್ನು ತನ್ನೊಳಗೆ ತೆರೆಯಬಲ್ಲದಾದರೆ, ಅದರ ಸ್ವಂತ ಶಬ್ದಗಳು ಸಪ್ಪೆ ಅನ್ನಿಸಿದರೂ ಚಿಂತೆ ಇಲ್ಲ. ಹಳೆಯ ಪಾಠಗಳಲ್ಲಿ ಇಂಟರ್-ಆಪ್ ಆಡಿಯೊ (ಆಪ್‌ಗಳ ನಡುವೆ ಶಬ್ದ ಕಳಿಸುವ ಹಳೆಯ ವ್ಯವಸ್ಥೆ) ಅಂತ ಬಂದರೆ ಅದನ್ನು ನಂಬಿ ಏನನ್ನೂ ಕೊಳ್ಳಬೇಡಿ, ಆಪಲ್ 2019ರಲ್ಲೇ ಅದನ್ನು ಹಳತು ಅಂತ ಬದಿಗಿಟ್ಟಿತು. ಗೆಳೆಯರ ಜೊತೆ ಸೇರಿ ನುಡಿಸುವವರು ಏಬಲ್ಟನ್ ಲಿಂಕ್ ಇದೆಯಾ ನೋಡಿ. ಒಂದೇ ವೈಫೈನಲ್ಲಿರುವ ಎಲ್ಲರ ವೇಗವೂ ತಾನಾಗಿ ಕೂಡಿಕೊಳ್ಳುತ್ತದೆ.

ಮತ್ತೆ ಲೆಕ್ಕ. ಎಲ್ಲರೂ ನಾಲ್ಕರ ನಡೆಯಲ್ಲೇ ಇರುತ್ತಾರೆ ಅಂತ ಈ ಆಪ್‌ಗಳಲ್ಲಿ ಬಹಳಷ್ಟು ಅಂದುಕೊಂಡಿವೆ. ನಿಮಗೆ ಏಳರ ಲೆಕ್ಕ ಬೇಕಿದ್ದರೆ ಪ್ಯಾಟರ್ನನ್ನು 16ರಿಂದ 14 ಸ್ಟೆಪ್‌ಗೆ ಕತ್ತರಿಸಲು ಬರುತ್ತದಾ, ಐದರದ್ದಾದರೆ 10ಕ್ಕೆ ಇಳಿಸಲು ಬರುತ್ತದಾ ಅಂತ ನೋಡಬೇಕು. ಒಂದೊಂದು ಟ್ರ್ಯಾಕಿಗೂ ಬೇರೆ ಉದ್ದ ಕೊಡಲು ಬಂದರೆ ಇನ್ನೂ ಚೆನ್ನ. ಡ್ರಮ್ 16ರಲ್ಲಿ, ಬಾಸ್ 14ರಲ್ಲಿ ಸುತ್ತುತ್ತಿದ್ದರೆ ಎರಡೂ ಮತ್ತೆ ಒಟ್ಟಿಗೆ ಮೊದಲಿಗೆ ಬರುವುದು 112 ಸ್ಟೆಪ್ ಆದಮೇಲೆ, ಅಂದರೆ 16 ಸ್ಟೆಪ್‌ನ ಏಳು ಸುತ್ತು (ಬಾರ್) ಆದಮೇಲೆ. ಒಂದೇ ಲೂಪ್ ಕೇಳಿ ಬೇಸರವಾಗುವವರಿಗೆ ಇದು ಪುಕ್ಕಟೆ ಸಿಗುವ ವೈವಿಧ್ಯ.

ದುಡ್ಡಿನ ವಿಷಯದಲ್ಲಿ ಬೆಲೆಗಿಂತ ಬೆಲೆಯ ರೀತಿ ನೋಡಿ. ಪೂರ್ತಿ ಉಚಿತ, ಒಂದೇ ಸಲ ಕೊಡುವುದು, ಒಂದು ಸಲ ಕೊಟ್ಟು ಒಳಗೆ ಮತ್ತೆ ಮತ್ತೆ ಕೊಡುವುದು, ತಿಂಗಳು ತಿಂಗಳು ಕೊಡುವುದು. ಮೂರನೆಯದು ಮೋಸದ್ದು ಅಂತಲ್ಲ, ಆದರೆ ಒಟ್ಟು ಎಷ್ಟಾಗುತ್ತದೆ ಅಂತ ಮೊದಲೇ ಕೂಡಿಸಿ ನೋಡುವುದು ಒಳ್ಳೆಯದು.

ಇರುವ ಆಪ್‌ಗಳು

ಐಪ್ಯಾಡ್ ಇದೆ, ಖರ್ಚು ಬೇಡ ಅನ್ನುವವರಿಗೆ ಗ್ಯಾರೇಜ್‌ಬ್ಯಾಂಡ್ ಇದೆ. ಎಷ್ಟೋ ಜನ ಅದನ್ನು ಮಕ್ಕಳ ಆಟ ಅಂತ ತಳ್ಳಿಹಾಕುತ್ತಾರೆ. 2016ರಲ್ಲಿ ಬಂದ ಲೈವ್ ಲೂಪ್ಸ್ ಮತ್ತು ಅದರ ಮರುವರ್ಷ ಬಂದ ಬೀಟ್ ಸೀಕ್ವೆನ್ಸರ್ ಸೇರಿಸಿದರೆ ಅದೇ ಒಂದು ಗ್ರೂವ್‌ಬಾಕ್ಸ್. ಚೌಕಗಳನ್ನು ತಟ್ಟಿ ತಟ್ಟಿ ಲೂಪ್‌ಗಳನ್ನು ಕೂಡಿಸುವುದು, ಕಳೆಯುವುದು, ಆ ತಟ್ಟುವಿಕೆಯನ್ನೇ ರೆಕಾರ್ಡ್ ಮಾಡಿ ಹಾಡಿನ ರೂಪಕ್ಕೆ ತರುವುದು, ಎಲ್ಲ ಒಳಗೇ ಆಗುತ್ತದೆ. ಎಯುವಿ3 ಪ್ಲಗಿನ್‌ಗಳೂ ನಡೆಯುತ್ತವೆ. ಪ್ರಾಜೆಕ್ಟನ್ನು ಮ್ಯಾಕ್‌ನ ಲಾಜಿಕ್ ಅನ್ನುವ ಆಪಲ್‌ನ ಸಂಗೀತ ತಂತ್ರಾಂಶದಲ್ಲಿ ತೆರೆಯಬಹುದು. ಕೊರತೆ ಎರಡು: ಲಯ 4/4, 3/4, 6/8 ಈ ಮೂರರಲ್ಲೇ ಇರಬೇಕು, ಮತ್ತು ಮಿಡಿ ನೇರವಾಗಿ ಹೊರಗೆ ಕೊಡುವುದಿಲ್ಲ. ಏಳರ ನಡೆಯವರು ಇಲ್ಲೇ ವಾಪಸ್ ಹೋಗಬಹುದು. ಉಳಿದವರು ಹೊಸ ಆಪ್‌ಗೆ ಕಾಯುತ್ತಿರುವಾಗಲೂ ಇದನ್ನು ಬಳಸದೇ ಇರಲು ಕಾರಣ ನನಗೆ ಕಾಣುವುದಿಲ್ಲ.

ಖಾಲಿ ಪರದೆಯ ಭಯ ಇರುವವರಿಗೆ ಏಬಲ್ಟನ್ ನೋಟ್ ನೋಡಿ ಅನ್ನುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಐಫೋನ್, ಐಪ್ಯಾಡ್‌ಗೆ ಬಂತು. ಇದರಲ್ಲಿ ರೆಕಾರ್ಡ್ ಗುಂಡಿ ಒತ್ತಿ ಎಣಿಸಿಕೊಂಡು ಶುರು ಮಾಡುವ ಗೋಜಿಲ್ಲ. ಸುಮ್ನೆ ನುಡಿಸುತ್ತಾ ಹೋಗಿ, ಏನೋ ಚೆನ್ನಾಗಿ ಬಂತು ಅನ್ನಿಸಿದರೆ ಆಮೇಲೆ ಕ್ಯಾಪ್ಚರ್ ಒತ್ತಿ, ನೀವು ನುಡಿಸಿದ್ದನ್ನು ಅದೇ ಹಿಡಿದು ಲೂಪ್ ಮಾಡಿಕೊಡುತ್ತದೆ. ಸಿಕ್ಕಿದ್ದನ್ನು ಕ್ಲೌಡ್ ಮೂಲಕ ನೇರವಾಗಿ ಲೈವ್‌ಗೆ ಕಳಿಸಬಹುದು. ಆದರೆ ಇದು ಶುರು ಮಾಡುವುದಕ್ಕೆ ಅಂತಲೇ ಮಾಡಿದ ಆಪ್. ಹಾಡನ್ನು ಇದರೊಳಗೇ ಮುಗಿಸಬೇಕು ಅನ್ನುವವರಿಗೆ ಇಲ್ಲಿ ಮುಂದೆ ದಾರಿ ಕಡಿಮೆ. ಕಂಪ್ಯೂಟರಿನಲ್ಲಿ ಲೈವ್ ಇಲ್ಲದವರಿಗೆ ಇದರ ಅರ್ಧ ಲಾಭ ಸಿಗುವುದಿಲ್ಲ.

ಶಬ್ದ ಎಲ್ಲರ ಹಾಗೇ ಇದೆ ಅನ್ನುವ ತೊಂದರೆಗೆ ಕೋಆಲಾ ಸ್ಯಾಂಪ್ಲರ್‌ಗಿಂತ ಚುರುಕಾದ ಉಪಾಯ ನಾನು ಕಂಡಿಲ್ಲ. ಪ್ಯಾಡ್ ಒತ್ತಿ ಹಿಡಿದರೆ ಮೈಕ್ ತೆರೆಯುತ್ತದೆ, ಬಿಟ್ಟರೆ ಶಬ್ದ ಆ ಪ್ಯಾಡಿನಲ್ಲಿ ಕೂತಿರುತ್ತದೆ. ಬಾಗಿಲ ಸದ್ದು, ನಿಮ್ಮದೇ ಗಂಟಲು, ಮೇಜಿನ ಮೇಲೆ ಚಮಚ, ಏನಾದರೂ ಸರಿ. ಹದಿನಾರು ಪ್ಯಾಡಿನ ನಾಲ್ಕು ಸಾಲು, ಒಟ್ಟು 64. ನುಡಿಸಿದ್ದಕ್ಕೆ ಎಫೆಕ್ಟ್ ಹಾಕಿ ಅದನ್ನೇ ಮತ್ತೊಂದು ಪ್ಯಾಡಿಗೆ ರೀಸ್ಯಾಂಪಲ್ ಮಾಡಬಹುದು. ಹೀಗೆ ಎರಡು ಮೂರು ಸುತ್ತು ಹೋದರೆ ಮೂಲ ಶಬ್ದ ಯಾವುದು ಅಂತ ಮಾಡಿದವರಿಗೇ ಗೊತ್ತಾಗದಷ್ಟು ಬದಲಾಗಿರುತ್ತದೆ. ಅದೇ ಇದರ ಮಜಾ. ಐಪ್ಯಾಡ್, ಆಂಡ್ರಾಯ್ಡ್ ಎರಡರಲ್ಲೂ ಇದೆ. ಬೆಲೆ ಈ ಗುಂಪಿನಲ್ಲೇ ಕೆಳಗಿನದು. ಪಿಯಾನೊ ರೋಲ್ (ಸ್ವರಗಳನ್ನು ಪರದೆಯ ಮೇಲೆ ಗೀಟುಗಳಾಗಿ ಬರೆಯುವ ಜಾಗ), ಸ್ಯಾಂಪಲ್ ತಾನಾಗಿ ಕತ್ತರಿಸುವುದು ಮುಂತಾದವು ಸಮುರಾಯ್ ಅನ್ನುವ ಒಳಖರೀದಿಯಲ್ಲಿವೆ, ಬೇಕೆನಿಸಿದ ಮೇಲೆ ತೆಗೆದುಕೊಂಡರೆ ಸಾಕು. ಏಬಲ್ಟನ್ ಸೆಟ್ ಆಗಿ ಹೊರಗೆ ತರಲೂ ಬರುತ್ತದೆ. ಒಂದೇ ಮಾತು: ಇದರ ಜೀವ ಸ್ಯಾಂಪಲ್‌ನಲ್ಲಿ, ಅಂದರೆ ರೆಕಾರ್ಡ್ ಮಾಡಿದ ಶಬ್ದದ ತುಣುಕಿನಲ್ಲಿದೆ. ಫಿಲ್ಟರ್ ತಿರುಗಿಸಿ ಸಿಂಥ್ ಶಬ್ದವನ್ನು ಮೊದಲಿನಿಂದ ರೂಪಿಸುವ ಆಸೆ ಇದ್ದರೆ ಬೇರೆ ಕಡೆ ಹೋಗಿ.

ಲೂಪ್‌ನಿಂದ ಹಾಡಿಗೆ ದಾಟಲು ಆಗದವರಿಗೆ, ಅಂದರೆ ನನ್ನ ಅಂದಾಜಿನಲ್ಲಿ ಇದನ್ನು ಓದುತ್ತಿರುವವರಲ್ಲಿ ಅರ್ಧ ಜನರಿಗೆ, ಕಾರ್ಗ್ ಗ್ಯಾಜೆಟ್ ಸರಿ ಹೊಂದುತ್ತದೆ. 2014ರಲ್ಲಿ ಬಂದದ್ದು, 2024ರಲ್ಲಿ ಮೂರನೆಯ ಆವೃತ್ತಿ. ಪುಟ್ಟ ಪುಟ್ಟ ಯಂತ್ರಗಳು, ಒಂದೊಂದಕ್ಕೂ ಒಂದು ಊರಿನ ಹೆಸರು. ಡ್ರಮ್‌ಗೆ ಲಂಡನ್, ಆಸಿಡ್ ಬಾಸ್‌ಗೆ ಚಿಕಾಗೊ, ಹೀಗೆ. ನನಗೆ ಹಿಡಿಸಿದ್ದು ಅದರ ಜೋಡಣೆ. ಟ್ರ್ಯಾಕ್‌ಗಳು ಅಡ್ಡಕ್ಕೆ, ಸೀನ್‌ಗಳು ಒಂದರ ಕೆಳಗೊಂದು. ಒಂದು ಸೀನನ್ನು ನಕಲು ಮಾಡಿ ಕೆಳಗಿಡಿ, ಡ್ರಮ್ ತೆಗೆಯಿರಿ, ಅದು ಹಾಡಿನ ನಡುವಿನ ವಿರಾಮ. ಮತ್ತೆ ನಕಲು ಮಾಡಿ, ಸ್ವರ ಎರಡು ಬದಲಿಸಿ, ಅದು ಇನ್ನೊಂದು ಭಾಗ. ಪರದೆ ಕೆಳಕ್ಕೆ ಸರಿದಷ್ಟೂ ಹಾಡು ಬೆಳೆಯುತ್ತಿರುವುದು ಕಣ್ಣಿಗೆ ಕಾಣುತ್ತದೆ. ಪರದೆ ಹೀಗೆ ಇದ್ದರೆ ಹಾಡು ಮುಗಿಸುವ ಚಟ ತಾನಾಗಿ ಹತ್ತುತ್ತದೆ. ಲೈವ್‌ಗೆ ಎಕ್ಸ್‌ಪೋರ್ಟ್ ಕೂಡ ಇದೆ. ಮೊದಲ ಬೆಲೆ ಈ ಗುಂಪಿನಲ್ಲಿ ಮೇಲಿನದು, ಇನ್ನಷ್ಟು ಯಂತ್ರಗಳು ಬೇಕೆಂದರೆ ಒಂದೊಂದಕ್ಕೂ ಮತ್ತೆ ದುಡ್ಡು, ಕೆಲವಕ್ಕೆ ಕಾರ್ಗ್‌ನ ಬೇರೆ ಆಪ್ ಕೊಂಡಿರಬೇಕು. ಮೂಲದಲ್ಲಿ ಬರುವುದರಲ್ಲೇ ವರ್ಷಗಟ್ಟಲೆ ಕೆಲಸ ಮಾಡಬಹುದು, ಅಂಗಡಿಯ ಪುಟ ತೆರೆಯದೇ ಇರುವ ಸಂಯಮ ಇದ್ದರೆ.

ಇದೇ ಕೆಲಸಕ್ಕೆ ನ್ಯಾನೊಸ್ಟುಡಿಯೊ 2 ಅಂತ ಇನ್ನೊಂದಿದೆ, 2018ರದ್ದು. ಅಬ್ಸಿಡಿಯನ್ ಅನ್ನುವ ಅದರ ಸಿಂಥ್ ಎಷ್ಟು ಒಳ್ಳೆಯದೆಂದರೆ ಅದಕ್ಕೋಸ್ಕರವೇ ಆಪ್ ಕೊಂಡವರಿದ್ದಾರೆ. ಇದು ಟೈಮ್‌ಲೈನ್ ಮೇಲೆ ಹಾಡು ಬರೆಯುವವರಿಗೆ. ಪ್ಯಾಟರ್ನ್‌ಗಳನ್ನು ಹಾರಿಸುತ್ತಾ ಆಡುವವರಿಗೆ ಸ್ವಲ್ಪ ಬಿಗಿ ಅನ್ನಿಸಬಹುದು.

ಹಾರ್ಡ್‌ವೇರ್ ಪೆಟ್ಟಿಗೆಯ ಅನುಭವವೇ ಬೇಕು ಅನ್ನುವವರಿಗೆ ಗ್ರೂವ್ ರೈಡರ್ ಜಿಆರ್-16. ಕಾರ್ಗ್‌ನ ಎಲೆಕ್ಟ್ರೈಬ್ ಪೆಟ್ಟಿಗೆ ಬಳಸಿದವರಿಗೆ ನೋಡಿದ ತಕ್ಷಣ ಗುರುತು ಸಿಗುತ್ತದೆ. 16 ಭಾಗಗಳು, ಎಲ್ಲ ಗುಂಡಿಗಳೂ ಒಂದೇ ಪರದೆಯ ಮೇಲೆ, ಮೆನುಗಳಲ್ಲಿ ಅಲೆಯುವ ಕೆಲಸ ಇಲ್ಲ. ಕಾರ್ಗ್‌ನದೇ ಎಲೆಕ್ಟ್ರೈಬ್ ವೇವ್ ಕೂಡ ಇದೇ ಸಾಲಿನದು. ನೃತ್ಯದ ಬೀಟ್ ಮಾಡುವವರು ಇವೆರಡನ್ನು ನೋಡದೆ ಹೊಸದಕ್ಕೆ ಕಾಯುವುದು ಸರಿಯಲ್ಲ ಅನ್ನಿಸುತ್ತದೆ, ಯಾಕೆಂದರೆ ಡೆಮೊಗಳಲ್ಲಿ ಅವರನ್ನು ಸೆಳೆಯುವ ಬಹಳಷ್ಟು ಸಂಗತಿಗಳು ಇಲ್ಲಿ ಆಗಲೇ ಇವೆ.

ಡ್ರಾಂಬೊ ಬಗ್ಗೆ ಸ್ವಲ್ಪ ಉದ್ದ ಮಾತಾಡಬೇಕು. 2020ರಲ್ಲಿ ಬಂತು. ಹೊರಗಿನಿಂದ ಗ್ರೂವ್‌ಬಾಕ್ಸ್, ಒಳಗೆ ಮಾಡ್ಯುಲರ್ ಸಿಂಥ್, ಅಂದರೆ ಬಿಡಿ ಭಾಗಗಳನ್ನು ಜೋಡಿಸಿ ಕಟ್ಟುವ ಸಿಂಥ್. ಒಂದು ಟ್ರ್ಯಾಕ್ ಅಂದರೆ ಇಷ್ಟೇ ಅಂತ ಇಲ್ಲಿ ಯಾರೂ ನಿಗದಿ ಮಾಡಿಲ್ಲ, ಆಸಿಲೇಟರ್, ಫಿಲ್ಟರ್, ಡಿಲೇ ಎಲ್ಲವನ್ನೂ ನೀವೇ ಜೋಡಿಸುತ್ತೀರಿ. ಪ್ಯಾರಾಮೀಟರ್ ಲಾಕ್ ಇದೆ, ಅಂದರೆ ಹದಿನಾರು ಸ್ಟೆಪ್‌ಗಳಲ್ಲಿ ಐದನೆಯದಕ್ಕೆ ಮಾತ್ರ ಫಿಲ್ಟರ್ ತೆರೆದಿರಲಿ, ಹನ್ನೊಂದನೆಯದಕ್ಕೆ ಮಾತ್ರ ಎಕೊ ಬರಲಿ ಅಂತ ಸ್ಟೆಪ್ ಹಿಡಿದು ಗುಂಡಿ ತಿರುಗಿಸಿದರೆ ಸಾಕು. ಎಲೆಕ್ಟ್ರಾನ್ ಕಂಪನಿಯ ಯಂತ್ರಗಳು ಈ ಪದ್ಧತಿಗೇ ಹೆಸರಾದವು. ಒಂದು ಸಣ್ಣ ಲೂಪ್ ಜೀವಂತವಾಗಿ ಕೇಳಿಸುವುದಕ್ಕೆ ಇದರಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಪ್ರತಿ ಟ್ರ್ಯಾಕಿಗೂ ಬೇರೆ ಉದ್ದ ಕೊಡಬಹುದು, ಐದು, ಏಳರ ಲೆಕ್ಕದವರು ನೆಮ್ಮದಿಯಾಗಿರಬಹುದು. ಎಯುವಿ3 ತೆರೆಯುತ್ತದೆ, ತಾನೇ ಎಯುವಿ3 ಆಗಿ ಬೇರೆ ಆಪ್‌ನೊಳಗೂ ಕೂರುತ್ತದೆ. ಆದರೆ ಕಲಿಯಲು ಸಮಯ ಬೇಕು. ಶುರು ಮಾಡಲಾಗದೆ ಒದ್ದಾಡುವವರಿಗೆ ಡ್ರಾಂಬೊ ಕೊಟ್ಟರೆ ಅವರು ಮಾಡ್ಯೂಲ್ ಜೋಡಿಸುತ್ತಲೇ ಸಂಜೆ ಕಳೆಯುತ್ತಾರೆ, ಸಂಗೀತ ಹುಟ್ಟುವುದಿಲ್ಲ. ಶಬ್ದದ ಒಳಗೆ ಇಳಿಯುವ ಹುಚ್ಚಿರುವವರಿಗೆ ಮಾತ್ರ ಇದನ್ನು ಹೇಳುತ್ತೇನೆ. ಅವರಿಗೆ ಹೊಸ ಆಪ್‌ನ ಅಗತ್ಯವೂ ಅಷ್ಟಾಗಿ ಬೀಳುವುದಿಲ್ಲ.

ಬೀಟ್‌ಮೇಕರ್ 3, 2017ರದ್ದು, ಎಂಪಿಸಿ (ಪ್ಯಾಡ್ ಬಡಿದು ಸ್ಯಾಂಪಲ್ ನುಡಿಸುವ ಹೆಸರಾಂತ ಯಂತ್ರ) ಶೈಲಿಯ ಪ್ಯಾಡ್‌ಗಳು, ಸ್ಯಾಂಪಲ್ ಕತ್ತರಿಸುವುದು, ಎಯುವಿ3, ಹಾಡಿನ ಜೋಡಣೆ ಎಲ್ಲ ಇರುವ ದೊಡ್ಡ ಆಪ್. ಐಪ್ಯಾಡ್ ಒಂದೇ ಸ್ಟುಡಿಯೊ ಆಗಿರುವವರಿಗೆ ಈಗಲೂ ಒಳ್ಳೆಯದೇ. ಐಪ್ಯಾಡ್‌ನ ಲಾಜಿಕ್ ಪ್ರೊ 2023ರ ಮೇನಲ್ಲಿ ಬಂತು, ಸ್ಟೆಪ್ ಸೀಕ್ವೆನ್ಸರ್, ಲೈವ್ ಲೂಪ್ಸ್, ಬೀಟ್ ಬ್ರೇಕರ್ ಎಲ್ಲ ಇವೆ. ಆದರೆ ಚಂದಾ ಕಟ್ಟಬೇಕು. ತಿಂಗಳಿಗೆ ನಾಲ್ಕು ಸಲ ತೆರೆಯುವವರಿಗೆ ಚಂದಾ ಭಾರವೇ. ಮ್ಯಾಕ್‌ನಲ್ಲಿ ಲಾಜಿಕ್ ಬಳಸುವವರಿಗೆ ಎರಡು ಕಡೆಯೂ ಒಂದೇ ಪ್ರಾಜೆಕ್ಟ್ ಓಡಾಡುವ ಅನುಕೂಲ ಇದೆ, ಅವರ ಲೆಕ್ಕ ಬೇರೆ. ಕೊಳ್ಳುವ ಮೊದಲು ಒಂದು ತಿಂಗಳು ಉಚಿತವಾಗಿ ಬಳಸಿ ನೋಡಬಹುದು.

ಆಂಡ್ರಾಯ್ಡ್‌ನವರ ಪಟ್ಟಿ ಚಿಕ್ಕದು. ಅದು ಅವರ ತಪ್ಪಲ್ಲ. ಕೋಆಲಾ, ಎಫ್‌ಎಲ್ ಸ್ಟುಡಿಯೊ ಮೊಬೈಲ್, ರೋಲ್ಯಾಂಡ್ ಜೆನ್‌ಬೀಟ್ಸ್, ಜಿ-ಸ್ಟಾಂಪರ್ ಸ್ಟುಡಿಯೊ ಇವೆ. 2017ರ ಆಂಡ್ರಾಯ್ಡ್ 8ರಲ್ಲಿ ಎಆಡಿಯೊ ಅನ್ನುವ ಹೊಸ ಶಬ್ದ ವ್ಯವಸ್ಥೆ ಬಂದ ಮೇಲೆ ತಡದ ಸಮಸ್ಯೆ ಎಷ್ಟೋ ಕಡಿಮೆಯಾಯಿತು. ಆದರೂ ಒಂದು ಟ್ಯಾಬ್ಲೆಟ್‌ನಲ್ಲಿ ಚೆನ್ನಾಗಿ ಓಡಿದ್ದು ಇನ್ನೊಂದರಲ್ಲಿ ತೊದಲುತ್ತದೆ. ಹಾಗಾಗಿ ಉಚಿತವಾಗಿ ಪರೀಕ್ಷಿಸಲು ಆಗುವುದನ್ನೇ ಮೊದಲು ಹಾಕಿ ನೋಡಿ. ಪಕ್ಕಾ ಗ್ರೂವ್‌ಬಾಕ್ಸ್ ಬೇಕೆಂದರೆ ಜಿ-ಸ್ಟಾಂಪರ್, ಕಂಪ್ಯೂಟರಿನಲ್ಲಿ ಎಫ್‌ಎಲ್ ಇದ್ದರೆ ಅದರದೇ ಮೊಬೈಲ್ ಆವೃತ್ತಿ, ಇದು ನನ್ನ ಸಲಹೆ. ಮತ್ತೆ ಒಂದು ಕಿವಿಮಾತು: ಬರಲಿರುವ ಆಪ್ ಐಪ್ಯಾಡ್‌ಗೆ ಮೊದಲು ಅಂತ ಹೇಳಿ, ಆಂಡ್ರಾಯ್ಡ್ ಆಮೇಲೆ ಅಂದರೆ, ಆ ಆಮೇಲೆ ಎಂಬುದನ್ನು ನಂಬಿ ಕೂರಬೇಡಿ.

ನಿಜವಾದ ಪೆಟ್ಟಿಗೆಯನ್ನೇ ಕೊಂಡರೆ ಹೇಗೆ ಅಂತಲೂ ಕೇಳುತ್ತಾರೆ. ರೋಲ್ಯಾಂಡ್ ಎಂಸಿ-101, ನೋವೇಶನ್ ಸರ್ಕ್ಯೂಟ್ ಟ್ರ್ಯಾಕ್ಸ್ ಥರದವು. ಬೆರಳಿಗೆ ಸಿಗುವ ಗುಂಡಿ, ಮಧ್ಯೆ ಬಂದು ಕಾಡುವ ನೋಟಿಫಿಕೇಶನ್ ಇಲ್ಲ, ಐದು ವರ್ಷ ಬಿಟ್ಟು ಆನ್ ಮಾಡಿದರೂ ಹಾಗೇ ಓಡುತ್ತದೆ. ಆದರೆ ಖರ್ಚು ಆಪ್‌ನ ಎಷ್ಟೋ ಪಟ್ಟು. ಟ್ಯಾಬ್ಲೆಟ್ ಆಗಲೇ ಇದ್ದವರಿಗೆ ಗುಂಡಿಯ ಆಸೆ ತೀರಿಸಲು ಒಂದು ಚಿಕ್ಕ ಯುಎಸ್‌ಬಿ ಮಿಡಿ ಕಂಟ್ರೋಲರ್ ಸಾಕು. ಆಪ್‌ನಲ್ಲಿ ಮಿಡಿ ಲರ್ನ್, ಅಂದರೆ ಹೊರಗಿನ ಗುಂಡಿಯನ್ನು ಆಪ್‌ನ ಗುಂಡಿಗೆ ಜೋಡಿಸುವ ಸೌಲಭ್ಯ, ಇರಬೇಕು ಅಷ್ಟೇ.

ಇನ್ನು ಆ ಬರಲಿರುವ ಆಪ್

ಡೆಮೊ ನೋಡುವಾಗ ಏನು ತೋರಿಸಿದರು ಅನ್ನುವುದಕ್ಕಿಂತ ಏನು ತೋರಿಸಲಿಲ್ಲ ಅಂತ ನೋಡಿ. ಪ್ಯಾಟರ್ನ್ ಕಟ್ಟುವುದು ಎಲ್ಲ ಡೆಮೊದಲ್ಲೂ ಇರುತ್ತದೆ. ಅದು ನೋಡಲು ಚೆಂದ. ಪ್ಯಾಟರ್ನ್‌ಗಳನ್ನು ಪೂರ್ತಿ ಹಾಡಾಗಿ ಜೋಡಿಸುವ ಮೋಡ್ ತೋರಿಸಿದರಾ? ಎಕ್ಸ್‌ಪೋರ್ಟ್ ಪರದೆ ಎಲ್ಲಾದರೂ ಬಂತಾ? ತಪ್ಪು ಮಾಡಿ ಅನ್‌ಡೂ ಒತ್ತಿದ್ದು ಕಂಡಿತಾ? ಸ್ವಂತ ಸ್ಯಾಂಪಲ್ ಒಳಗೆ ತಂದರಾ, ಅಥವಾ ಅವರದೇ ಶಬ್ದಗಳಲ್ಲೇ ಆಡಿದರಾ? ಎಲ್ಲ ಟ್ರ್ಯಾಕ್‌ಗಳೂ ಎಫೆಕ್ಟ್ ಸಮೇತ ಒಟ್ಟಿಗೆ ಓಡುವಾಗ ಶಬ್ದ ತುಂಡಾಗಲಿಲ್ಲ ತಾನೇ? ಆ ಡೆಮೊ ಓಡಿದ್ದು ಯಾವ ಐಪ್ಯಾಡ್ ಮೇಲೆ? ಹೊಚ್ಚಹೊಸ ಪ್ರೊ ಮೇಲೆ ಓಡಿದ್ದು ನಿಮ್ಮ ಐದು ವರ್ಷದ ಹಳೆಯ ಟ್ಯಾಬ್ಲೆಟ್‌ನಲ್ಲೂ ಹಾಗೇ ಓಡುತ್ತದೆ ಅಂತ ಅಂದುಕೊಳ್ಳಬೇಡಿ.

ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತದೆ ಅಂತ ಬರೆದದ್ದನ್ನೆಲ್ಲ ಲೆಕ್ಕದಿಂದ ತೆಗೆದುಬಿಡಿ. ಮೊದಲ ದಿನ ಸಿಗುವುದಷ್ಟಕ್ಕೇ ದುಡ್ಡು ಕೊಡುತ್ತಿದ್ದೇನೆ ಅಂದುಕೊಂಡು ನೋಡಿ, ಆಗಲೂ ಬೇಕು ಅನ್ನಿಸಿದರೆ ಬೇಕು.

ಬೀಟಾಗೆ, ಅಂದರೆ ಬಿಡುಗಡೆಗೆ ಮೊದಲಿನ ಪರೀಕ್ಷೆಗೆ, ಸೇರಲು ಅವಕಾಶ ಸಿಕ್ಕರೆ ಖಂಡಿತ ಸೇರಿ, ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಆದರೆ ಆಪಲ್‌ನ ಬೀಟಾ ಹಂಚುವ ಆಪ್ ಟೆಸ್ಟ್‌ಫ್ಲೈಟ್‌ನಲ್ಲಿ ಬರುವ ಪ್ರತಿ ಬಿಲ್ಡ್ 90 ದಿನ ಮಾತ್ರ ತೆರೆಯುತ್ತದೆ, ಮತ್ತು ಬೀಟಾದಲ್ಲಿ ಉಳಿಸಿದ ಪ್ರಾಜೆಕ್ಟ್ ಕೊನೆಯ ಆವೃತ್ತಿಯಲ್ಲಿ ತೆರೆಯುತ್ತದೆ ಅನ್ನುವ ಖಾತ್ರಿ ಇರುವುದಿಲ್ಲ. ಚೆನ್ನಾಗಿ ಬಂದದ್ದನ್ನು ಅವತ್ತೇ ವೇವ್ ಆಗಿ ತೆಗೆದಿಟ್ಟುಕೊಳ್ಳಿ.

ಕಾಯುವುದರಲ್ಲಿ ನಿಜವಾದ ಲಾಭ ಇರುವುದು ಎರಡು ತರದವರಿಗೆ. ಒಂದು, ಈಗಿರುವ ಆಪ್‌ನಲ್ಲಿ ಕೆಲಸ ಚೆನ್ನಾಗಿ ನಡೆಯುತ್ತಿದ್ದು, ಒಂದೇ ಒಂದು ಕೊರತೆ ಕಾಡುತ್ತಿರುವವರು, ಆ ಕೊರತೆಯನ್ನು ಹೊಸದು ತುಂಬುತ್ತದೆ ಅಂತ ಡೆಮೊದಲ್ಲೇ ಕಣ್ಣಾರೆ ಕಂಡವರು. ಇವರು ಕಾದರೆ ಕಳೆದುಕೊಳ್ಳುವುದೇನೂ ಇಲ್ಲ, ಹೇಗೂ ಕೆಲಸ ನಡೆಯುತ್ತಿದೆ. ಎರಡು, ಗ್ಯಾಜೆಟ್ ಥರ ಮೇಲಿನ ಬೆಲೆಯದನ್ನು ಕೊಳ್ಳಲು ಹೊರಟು, ಎರಡನ್ನೂ ಕೊಳ್ಳುವ ಶಕ್ತಿ ಇಲ್ಲದವರು. ಹೊಸದರ ದಿನಾಂಕ ಹತ್ತಿರದಲ್ಲೇ ಇದ್ದರೆ ಅವರು ತಡೆದುಕೊಳ್ಳಬಹುದು, ಅಷ್ಟರವರೆಗೆ ಗ್ಯಾರೇಜ್‌ಬ್ಯಾಂಡ್ ಅಥವಾ ಕೋಆಲಾ ಸಾಕು. ದಿನಾಂಕವೇ ಹೇಳಿಲ್ಲ, ಬರೀ ಶೀಘ್ರದಲ್ಲೇ ಅಂತಿದೆ ಅನ್ನುವುದಾದರೆ ಕಾಯಬೇಡಿ. ಇನ್ನೂ ಒಂದೂ ಆಪ್ ಬಳಸದ ಹೊಸಬರಂತೂ ಕಾಯಲೇಬಾರದು, ತಮಗೆ ಏನು ಬೇಕು ಅಂತ ಅವರಿಗೆ ಬಳಸಿದ ಮೇಲೆಯೇ ಗೊತ್ತಾಗುವುದು.

ಬಂದ ದಿನ ಏನು ಮಾಡುವುದು ಅನ್ನುವುದು ಉಳಿಯಿತು. ಬಹಳಷ್ಟು ಆಪ್‌ಗಳು ಶುರುವಿನಲ್ಲಿ ಸ್ವಲ್ಪ ದಿನ ರಿಯಾಯಿತಿ ಕೊಡುತ್ತವೆ, ಆ ಅವಸರದಲ್ಲೇ ಜನ ಕೊಳ್ಳುವುದು. ರಿಯಾಯಿತಿ ಎಂದಿನವರೆಗೆ ಅಂತ ನೋಡಿಕೊಂಡು ಅದರ ಕೊನೆಯ ದಿನದವರೆಗೆ ಬಿಡಿ. ಅಷ್ಟರಲ್ಲಿ ನಿಮ್ಮಂಥದೇ ಟ್ಯಾಬ್ಲೆಟ್ ಇರುವವರು ಬಳಸಿ ಬರೆದಿರುತ್ತಾರೆ. ಕೊಂಡಮೇಲೆ ಅದರ ಜೊತೆ ಬರುವ ಡೆಮೊ ಪ್ರಾಜೆಕ್ಟ್ ತೆರೆದು ಮರುಳಾಗದೆ, ನೀವು ಈಗಾಗಲೇ ಬೇರೆ ಆಪ್‌ನಲ್ಲಿ ಮುಗಿಸಿರುವ ಒಂದು ಹಾಡನ್ನು ಅದರಲ್ಲಿ ಮತ್ತೆ ಕಟ್ಟಿ, ಸ್ಟೆಮ್‌ಗಳನ್ನು ಹೊರಗೆ ತೆಗೆಯುವವರೆಗೂ ಹೋಗಿ. ಎಲ್ಲಿ ಕೈ ತಡೆಯುತ್ತದೆ ಅಂತ ಒಂದು ಸಂಜೆಯಲ್ಲೇ ಗೊತ್ತಾಗುತ್ತದೆ. ಹಳೆಯ ಆಪ್ ಮಾತ್ರ ಸದ್ಯಕ್ಕೆ ಅಳಿಸಬೇಡಿ, ಐಪ್ಯಾಡ್‌ನಲ್ಲಿ ಆಪ್ ಅಳಿಸಿದರೆ ಅದರೊಳಗೆ ಉಳಿಸಿದ ಪ್ರಾಜೆಕ್ಟ್‌ಗಳೂ ಜೊತೆಗೇ ಹೋಗುತ್ತವೆ.